ಮೀನಾಕ್ಷಿಯ ಜಪ

ಈ ಹೊತ್ತು ಬೆಳಿಗ್ಗೆ ರುದ್ರ ಪಠಿಸುತ್ತಿದ್ದಾಗ ಕರೆಂಟು ಹೋಯಿತು. ನನ್ನ ಬಾಯಿಯೂ ನಿಂತಿತು. ದೀಪವೇನೋ ಎಣ್ಣೆಯದು, ಉರಿಯುತ್ತಲೇ ಇತ್ತು. ನಿಂತದ್ದು ದೇವರ ಮನೆಯ ಬಾಗಿಲ ಪಕ್ಕದಲ್ಲಿರುವ ಮೀನಿನ ಗಾಜುತೊಟ್ಟಿಗೆ ಗಾಳಿ ಊದುವ ಯಂತ್ರದ ಗುಳುಗುಳು ಸದ್ದು. ಸಂಸ್ಕೃತ ಪಾಠಶಾಲೆಯಲ್ಲಿ ಆಯುಷ್ಯವನ್ನೆಲ್ಲ ಸ್ವರ ತಿದ್ದುವುದರಲ್ಲಿ ಕಳೆದವನಿಗೆ ಈಗ ಆ ಗಾಳಿಯ ಯಂತ್ರವೇ ಶ್ರುತಿಪೆಟ್ಟಿಗೆಯಾಗಿದೆ ಎಂದರೆ ನೀವು ನಗಬಹುದು. ನಗಿರಿ, ನನ್ನ ಅಕ್ಕನೂ ನಗುತ್ತಾಳೆ.

ಭಾವ ತೀರಿಕೊಂಡ ಮೇಲೆ ಅಕ್ಕ ಮೂಡಲಗಿಯಿಂದ ಹುಕ್ಕೇರಿಯ ನಮ್ಮ ಮನೆಗೆ ಬಂದು ಒಂದಷ್ಟು ಕಾಲ ಇದ್ದಳು. ಮೊದಮೊದಲು ಅವಳ ಬಾಯಲ್ಲಿ ಮಾತೇ ಇರಲಿಲ್ಲ. ಒಮ್ಮೆ ಗೋಕಾಕಕ್ಕೆ ಕರೆದುಕೊಂಡು ಹೋದಾಗ, ಅಂಗಡಿಯೊಂದರಲ್ಲಿ ಕಂಡ ಹೊಂಬಣ್ಣದ ಮೀನನ್ನು ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ತುಂಬಿಸಿಕೊಂಡು, ಸೆರಗಿನಡಿ ಹಿಡಿದು ಬಸ್ಸು ಹತ್ತಿದಳು. ಹೆಂಗಸರಿಗೆ ಬಸ್ಸು ಉಚಿತವಾದ ಹೊಸತು.

“ನಿಮಗ ಫ್ರೀ ಐತ್ರಿ ಅಮ್ಮಾರ, ಮೀನಿಗಿ ಇಲ್ರಿ,” ಎಂದ ಕಂಡಕ್ಟರ್.

“ಇದೂ ಹೆಣ್ಣ ಐತೋ ತಮ್ಮಾ. ಹೆಸರು ಮೀನಾಕ್ಷಿ!”

ಬಸ್ಸೆಲ್ಲ ನಕ್ಕಿತು. ಭಾವ ಹೋದ ಮೇಲೆ ಅಕ್ಕ ನಕ್ಕದ್ದು ಅಂದೇ ಮೊದಲು. ಆದ್ದರಿಂದ ಮೀನು ನಮ್ಮ ಮನೆ ಹೊಕ್ಕದ್ದಕ್ಕೆ ನಾನು ಶಾಸ್ತ್ರಾಧಾರ ಹುಡುಕಲಿಲ್ಲ.

ನಮ್ಮಲ್ಲಿ ಅಭಿಷೇಕದ ತೀರ್ಥ ಮನೆಯಲ್ಲಿದ್ದ ಯಾರಿಗೂ ತಪ್ಪುವಂತಿಲ್ಲ. ಅಕ್ಕ ಮೀನಾಕ್ಷಿಗೂ ದಿನಾ ಒಂದು ಉದ್ಧರಣೆ ಪಂಚಾಮೃತದ ತೀರ್ಥ ಹಾಕತೊಡಗಿದಳು. ಇತ್ತ ನಾನು, ಮಂತ್ರಕ್ಕೆ ಅಡ್ಡಿಯೆಂದು, ಪೂಜೆ ಮುಗಿಯುವವರೆಗೆ ಆ ಯಂತ್ರವನ್ನು ಆರಿಸುತ್ತಿದ್ದೆ. ನನ್ನ ಪೂಜೆ ಎಷ್ಟು ದೀರ್ಘವೆಂಬುದು ಓಣಿಗೆಲ್ಲ ಗೊತ್ತು.

ಒಂದು ಬೆಳಿಗ್ಗೆ ಅಕ್ಕ ಕೂಗಿದಳು: “ತಮ್ಮಾ, ಬಾ ಇಲ್ಲೆ! ಮೀನಾಕ್ಷಿ ಪಂಚಾಕ್ಷರಿ ಜಪಾ ಮಾಡಾಕತ್ತಾಳ!”

ಮೀನು ನೀರಿನ ಮೇಲ್ಮೈಗೆ ಬಾಯಿ ತಂದು ತುಟಿ ತೆರೆದು ಮುಚ್ಚುತ್ತಿತ್ತು. ಅಕ್ಕನ ಕಣ್ಣು ತುಂಬಿತ್ತು. ನಾನೂ ಪುಳಕಗೊಂಡು ಕೈಮುಗಿದೆ. ಆದರೆ ಪಾಠ ಒಪ್ಪಿಸಿಕೊಳ್ಳುವವನ ಚಟ ಬಿಡಬೇಕಲ್ಲ! ಜಪ ಮಾಡುವವರಿಗೆ ಮಂತ್ರಮಂತ್ರದ ನಡುವೆ ಒಂದು ವಿಶ್ರಾಂತಿಯಿರುತ್ತದೆ; ಇದಕ್ಕಿರಲಿಲ್ಲ. ಕಿವಿರುಗಳು ಓಡಿಬಂದವನ ಎದೆಯಂತೆ ಬಡಿದುಕೊಳ್ಳುತ್ತಿದ್ದವು. ಹಾಕಿದ ಕಾಳು ಹಾಗೆಯೇ ತೇಲುತ್ತಿತ್ತು. ಬಗ್ಗಿ ಮೂಸಿದೆ: ಹಳಸಿದ ಹಾಲಿನ ವಾಸನೆ.

“ಅಕ್ಕಾ, ಇದು ಜಪಾ ಅಲ್ಲ. ಉಸುರು ಸಾಲದಕ್ಕ ಮ್ಯಾಲ ಬಂದೈತಿ.”

ಅವಳ ಮುಖ ಬಾಡಿತು. “ನಾ ಹಾಕಿದ ತೀರ್ಥ ವಿಷಾ ಆತೇನೋ?”

“ತೀರ್ಥ ಅಲ್ಲ, ಅದರಾಗಿನ ಹಾಲು. ಗಾಳಿ ಬಂದ್ ಮಾಡಿದಾಂವ ನಾನು. ಅರ್ಧಾ ನಂದು, ಅರ್ಧಾ ನಿಂದು,” ಎಂದೆ.

ಯಂತ್ರ ಹಚ್ಚಿದೆವು. ಹಿಂದಿನ ದಿನ ಬಕೆಟ್ಟಿನಲ್ಲಿ ತುಂಬಿಟ್ಟ ನೀರಿತ್ತು. ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಅಷ್ಟಷ್ಟೇ ಇದನ್ನು ಸುರಿದೆವು. ಅಕ್ಕ ಊಟಕ್ಕೆ ಏಳಲಿಲ್ಲ. ಸಂಜೆ ಮೀನಾಕ್ಷಿ ತಳಕ್ಕಿಳಿದು ಮೂತಿಯಿಂದ ಹರಳು ಕೆದಕತೊಡಗಿದಾಗ, “ಜಪಾ ಬಿಟ್ಟಳಲ್ಲೋ, ಚಲೋ ಆತು!” ಎಂದು ತಟ್ಟೆ ಎಳೆದುಕೊಂಡಳು.

ಅಂದಿನಿಂದ ಅವಳು ದಿನಾ ತೊಟ್ಟಿಯ ಮುಂದೆ ನಿಂತು ನೋಡುವಳು. ಹಾಗೆ ನೋಡಿದವರಿಗೇ ದಿನದಂತಿಲ್ಲದ್ದು ಕಾಣುವುದು. ಆ ಚಳಿಗಾಲದಲ್ಲಿ ನಾನು ರುದ್ರವನ್ನು ನಡುನಡುವೆ ನಿಲ್ಲಿಸಿ ನಿಲ್ಲಿಸಿ ಹೇಳತೊಡಗಿದೆ. ರಾತ್ರಿ ಮಲಗಲಾರದೆ ಎದ್ದು ಕಿಟಕಿಯ ಬಳಿ ಕೂರುತ್ತಿದ್ದೆ. ಶಿಷ್ಯರು ಅದನ್ನು ಭಾವಪರವಶತೆ ಎಂದುಕೊಂಡರು, ನಾನೂ ತಿದ್ದಲಿಲ್ಲ. ಅಕ್ಕ ಮಾತ್ರ ಎದುರು ನಿಂತು, “ನೀನೂ ಮೀನಾಕ್ಷಿಗತೆ ಉಸುರಿಗಿ ಬಾಯಿ ಬಿಡಾಕತ್ತಿ. ಇದು ಭಕ್ತಿ ಅಲ್ಲ. ನಡಿ ಗೋಕಾಕಕ್ಕ, ಡಾಕ್ಟರ ಹಂತ್ಯಾಕ,” ಎಂದಳು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತಂತೆ. ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಈ ಉಸಿರು ಶಿವ ಕೊಟ್ಟದ್ದು. ಅದನ್ನು ಇನ್ನೊಮ್ಮೆ ಕೊಡಿಸಿದವಳು ಅಕ್ಕ.

ಈಗ ಅವಳು ಮೂಡಲಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ದಿನಾ ಪೂಜೆಯ ಹೊತ್ತಿಗೆ ಫೋನು. ಇಂದು ಕರೆಂಟು ಬೇಗ ಬರಲಿಲ್ಲ. ತಂಬಿಗೆಯಿಂದ ತೊಟ್ಟಿಯ ನೀರನ್ನೇ ಮೊಗೆದು, ಗಾಳಿ ಬೆರೆಯಲೆಂದು ಎತ್ತರದಿಂದ ಸಣ್ಣ ಧಾರೆಯಾಗಿ ಬಿಡುತ್ತ, ರುದ್ರವನ್ನು ನಿಂತಲ್ಲಿಂದ ಮುಂದುವರಿಸಿದೆ. ಅಷ್ಟರಲ್ಲಿ ಅಕ್ಕನ ಫೋನು ಬಂತು.

“ನೀರಿನ ಸಪ್ಪಳಾ ಕೇಳಾಕತ್ತೈತಿ. ಅಭಿಷೇಕ ಇನ್ನೂ ಮುಗದಿಲ್ಲೇನು?”

“ಇಲ್ಲಕ್ಕಾ, ಮೀನಾಕ್ಷಿಗಿ ನಡದೈತಿ. ಕರೆಂಟ್ ಇಲ್ಲ.”

ಅವಳು ನನ್ನ ಉಸಿರನ್ನು ಆಲಿಸಿದಳು.

“ಚಲೋ ಐತಿ. ರುದ್ರ ಹೇಳು, ಕೇಳ್ತೇನಿ. ಹಾಲ್ ಮಾತ್ರ ಹಾಕಬ್ಯಾಡ.”