ಅಡುಗೆಮನೆ ಸಭೆಯಲ್ಲ

ಚಂದ್ರಾವತಿ ಅಕ್ಕನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಮೂವತ್ತೆಂಟು ವರ್ಷ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ನೋಡಿದವರು ಅವರು. ಕೂಗಾಡಿದವರ ಕಡತ ಬೇಗ ಮುಂದೆ ಹೋದದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಸೆಕ್ರೆಟರಿಯೇಟಿನ ಮುಂದೆ ದಿನಕ್ಕೊಂದು ಧರಣಿ ನಡೆಯುವ ಊರಿನಲ್ಲಿ ನಾಲ್ಕು ದಶಕ ಬದುಕಿಯೂ ಮುಷ್ಟಿ ಎತ್ತಿ ಘೋಷಣೆ ಕೂಗಿದವರಲ್ಲ. ಅಂಥವರು ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಸಭೆಯನ್ನೇ ಕೆಡಿಸಿದರು ಅಂದರೆ ಯಾರೂ ನಂಬುವುದಿಲ್ಲ. ಕೆಡಿಸಿದ್ದು ನಿಜ, ಮತ್ತು ಕೆಡಿಸಿದ್ದೇ ಒಳ್ಳೆಯದಾಯಿತು ಎನ್ನುವ ಪಕ್ಷ ನನ್ನದು.

ಕುಂಬಳೆಯ ಕಡೆಯಿಂದ ಒಂದು ಟ್ರಂಕು ಹಿಡಿದುಕೊಂಡು ಅವರು ಈ ಊರಿಗೆ ಬಂದದ್ದು ೧೯೬೪ರಲ್ಲಿ. ಅವರಾಡುವ ಕಾಸರಗೋಡಿನ ಮಲಯಾಳ ಕೇಳಿ ಕಚೇರಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಂದ ಎರಡನೆಯ ವಾರ ಜ್ವರ ಬಂದು ಹಾಸ್ಟೆಲಿನಲ್ಲಿ ಮಲಗಿದ್ದಾಗ, ಹೆಸರೂ ಗೊತ್ತಿಲ್ಲದ ಇಬ್ಬರು ಹೆಂಗಸರು ಬಂದು ಗಂಜಿ ಕುಡಿಸಿ, "ನಾವು ಕನ್ನಡ ಸಂಘದವರು, ಹೆದರ್ಬೇಡ" ಅಂದರು. ಅಷ್ಟೇ. ಆ ಒಂದು ಲೋಟ ಗಂಜಿಗೆ ಅಕ್ಕ ಜೀವಮಾನವಿಡೀ ಸಂಘಕ್ಕೆ ಅಂಟಿಕೊಂಡರು. ಮದುವೆಯಾದ ಮೇಲೆ ಕಾನೂನು ಇಲಾಖೆಯಲ್ಲಿದ್ದ ಗಂಡ ತಿರುಮಲೇಶ್ವರರನ್ನೂ ಸದಸ್ಯರನ್ನಾಗಿ ಮಾಡಿದರು. ಮಗ ಸಂದೇಶ ನಡೆಯಲು ಕಲಿತದ್ದು ಸಂಘದ ಸಭಾಂಗಣದ ಕೆಂಪು ನೆಲದ ಮೇಲೆ.

ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ ಸಂಘದ ಸ್ವಂತ ಕಟ್ಟಡ. ಒಂದು ಹಾಲು, ಒಂದು ಅಡುಗೆಮನೆ, ಹಿಂದೆ ಎರಡು ಕೋಣೆ. ಪಕ್ಕದ ಮಂಡಿಯ ಒಣಮೆಣಸಿನ ಘಾಟಿಗೆ ಭಾಷಣಕಾರರು ಕೆಮ್ಮದೆ ಮಾತು ಮುಗಿಸಿದ ಉದಾಹರಣೆ ಇಲ್ಲ. ಹಿಂದಿನ ಕೋಣೆಗಳಲ್ಲಿ ಉಳಿಯುವವರು ಕಾಸರಗೋಡಿನಿಂದ ದೊಡ್ಡಾಸ್ಪತ್ರೆಗೆ ಬರುವ ರೋಗಿಗಳು, ಅವರ ಮನೆಯವರು. ಎಲ್ಲ ಕೇರಳದವರೇ, ರೇಷನ್ ಕಾರ್ಡೂ ಕೇರಳದ್ದೇ. ಆದರೆ ಗಡಿಯ ಹಳ್ಳಿಗಳಲ್ಲಿ ಕನ್ನಡ ಶಾಲೆಗೆ ಹೋದವರು. ಕೆಲವರಿಗೆ ಸಂತೆಯ ಮಲಯಾಳ ಬರುತ್ತದೆ, ಡಾಕ್ಟರ ಮಲಯಾಳ ಯಾರಿಗೂ ಬರುವುದಿಲ್ಲ. ಸಂಘದವರು ಒಬ್ಬೊಬ್ಬರಾಗಿ ಸರದಿಯ ಮೇಲೆ ಆಸ್ಪತ್ರೆಗೆ ಹೋಗಿ, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಹೇಳಿ ಬರುತ್ತಿದ್ದರು. ಸಂಘ ಮಾಡಿದ ನಿಜವಾದ ಸೇವೆ ಅಂದರೆ ಅದೊಂದೇ. ಮಿಕ್ಕದ್ದೆಲ್ಲ ಶಾಲು, ಹಾರ, ಗ್ರೂಪ್ ಫೋಟೋ.

ನೂರನಲವತ್ತು ಸದಸ್ಯರಿದ್ದ ಸಂಘ ಹೊಸ ಶತಮಾನಕ್ಕೆ ಬರುವಾಗ ಇಪ್ಪತ್ತೊಂದಕ್ಕೆ ಇಳಿದಿತ್ತು. ಬ್ಯಾಂಕಿನವರು ವರ್ಗವಾಗಿ ಹೋದರು, ನಿವೃತ್ತರಲ್ಲಿ ಕೆಲವರು ಊರಿಗೆ, ಕೆಲವರು ಮೇಲಕ್ಕೆ. ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಲಯಾಳದಲ್ಲಿ ಕೊಡುತ್ತಾರೆ, ಸಂಘಕ್ಕಂತೂ ಬರುವುದಿಲ್ಲ. ಇದು ನಮ್ಮವರ ಪಾಡು ಮಾತ್ರವಲ್ಲ. ಸಂಘದ ಅಧ್ಯಕ್ಷ ರುದ್ರಪ್ಪನವರು ಧಾರವಾಡದ ಕಡೆಯವರು, ನಿವೃತ್ತ ಸುಬೇದಾರ್. ಅವರು ದಿನಾ ಇಸ್ಪೀಟಿಗೆ ಹೋಗುತ್ತಿದ್ದ ಮಾಜಿ ಸೈನಿಕರ ಹಾಲು ಆಡುವವರಿಲ್ಲದೆ ಮುಚ್ಚಿ, ಅಲ್ಲಿ ಬ್ಯೂಟಿ ಪಾರ್ಲರ್ ಬಂದಿತ್ತು. "ಗಡಿ ಕಾದವರ ಜಾಗಾದಾಗ ಈಗ ಹುಬ್ಬು ಕಾಯ್ತಾರ್ರಿ" ಎಂದು ಅವರು ಹೇಳಿಕೊಂಡು ನಗುತ್ತಿದ್ದರು. ಒಳಗೆ ನಗು ಇರಲಿಲ್ಲ.

ಕೊಚ್ಚಿಯ ಸಂಘ ೨೦೦೩ರಲ್ಲಿ ಮುಚ್ಚಿತು. ಅಲ್ಲೇ ಹತ್ತಿರದ ಅಂಬಲಮುಗಳಿನ ರಿಫೈನರಿಯಲ್ಲಿ ಕೆಲಸಕ್ಕಿದ್ದ ಸಂದೇಶ ಅಮ್ಮನನ್ನು ಆ ಸಮಾರಂಭಕ್ಕೆ ಕರೆದುಕೊಂಡು ಹೋಗಿದ್ದ. ಹೌದು, ಸಮಾರಂಭವೇ. ಮುಚ್ಚುವುದಕ್ಕೂ ದೀಪ ಹಚ್ಚಿದರು, ಸ್ವಾಗತ ಮಾಡಿದರು, ವಂದನಾರ್ಪಣೆ ಮಾಡಿದರು. ಪಾತ್ರೆಗಳನ್ನು ಹಂಚಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಕ್ಕನೂ ತಟ್ಟಿದರು. ಎಷ್ಟು ಚೆಂದದಲ್ಲಿ ಮುಗಿಸಿದರು ಎಂದು ತಿರುಮಲೇಶ್ವರರಿಗೆ ಫೋನಿನಲ್ಲಿ ವರ್ಣಿಸಿಯೂ ವರ್ಣಿಸಿದರು.

ಎರಡು ವರ್ಷ ಕಳೆದ ಮೇಲೆ ತಿರುವನಂತಪುರದ ಸಂಘವನ್ನೂ ಹಾಗೆಯೇ ಚೆಂದದಲ್ಲಿ ಮುಗಿಸುವ ಮಾತು ಬಂತು. ಮಾತು ತೆಗೆದವರು ಕಾರ್ಯದರ್ಶಿ ಕಮಲಾಕ್ಷರು. ನಿವೃತ್ತ ಬ್ಯಾಂಕ್ ಮ್ಯಾನೇಜರು, ಶಿಸ್ತಿನ ಮನುಷ್ಯ, ಅಂಗಿಯ ಕಿಸೆಯಲ್ಲಿ ಸದಾ ಎರಡು ಪೆನ್ನು. ಬೆಳ್ಳುಳ್ಳಿ ಮಂಡಿಯವರೊಬ್ಬರು ಕಟ್ಟಡವನ್ನು ಗೋದಾಮಿಗೆ ಕೇಳಿದ್ದರು. ೨೦೦೬ರ ಜನವರಿಯ ಒಂದು ಭಾನುವಾರ ಸಂಘವನ್ನು ವಿಸರ್ಜಿಸುವ ಮಹಾಸಭೆ ಎಂದು ನೋಟೀಸು ಹೋಯಿತು. ನೋಟೀಸು ಬರೆದದ್ದು ಯಾರು? ಇಪ್ಪತ್ತೈದು ವರ್ಷದಿಂದ ಸಭೆಯ ನಡಾವಳಿ ಬರೆಯುತ್ತಿದ್ದ ಚಂದ್ರಾವತಿ ಅಕ್ಕನೇ. ಬೇಸರವಾಯಿತು, ಬರೆದರು. ಆಗುವುದನ್ನು ತಡೆಯಲಾಗುತ್ತದೆಯೇ ಎಂದುಕೊಂಡರು.

ನೋಟೀಸು ಹೋದ ನಾಲ್ಕನೆಯ ದಿನ ಕಾಸರಗೋಡಿನ ಪೆರ್ಲದ ಕಡೆಯ ಗಂಡಹೆಂಡತಿ ಹಿಂದಿನ ಕೋಣೆಗೆ ಬಂದಿಳಿದರು. ಗಂಡ ಯಜ್ಞನಾರಾಯಣರಿಗೆ ಗಂಟಲಿನ ಕಾಯಿಲೆ, ಮಾತು ಹೊರಡುತ್ತಿರಲಿಲ್ಲ. ಹೆಂಡತಿ ಸುಮಿತ್ರ ಚಾ ಕುಡಿಯುತ್ತಾ ದಾರಿಯ ಕಥೆ ಹೇಳಿದಳು.

"ಮೊದಲು ಕೊಚ್ಚಿಯ ಆಸ್ಪತ್ರೆಗೆ ಬರೆದು ಕೊಟ್ಟದ್ದು ಅಕ್ಕ. ನಮ್ಮ ಮಾಷ್ಟ್ರು ಹಳೇ ಡೈರಿಯಿಂದ ಅಲ್ಲಿಯ ಸಂಘದ ವಿಳಾಸ ಕೊಟ್ಟಿದ್ರು. ಹೋಗಿ ನೋಡಿದ್ರೆ ಮೊಬೈಲಿನ ಅಂಗಡಿ. ಅಂಗಡಿಯವ ಪಾಪ, ಇವರಿಗೆ ಕೂರ್ಲಿಕ್ಕೆ ಸ್ಟೂಲು ಕೊಟ್ಟ. ಎಂತ ಹೇಳಿದ್ನೋ ನಂಗೆ ಸರಿ ಗೊತ್ತಾಗ್ಲಿಲ್ಲ. ಸಂಜೆಯವರೆಗೆ ಕೂತಿದ್ದೆವು."

"ಸಂಜೆಯವರೆಗೆ ಯಾಕೆ ಕೂತದ್ದು ಮಾರಾಯ್ತಿ?"

"ಸಂಘದವರು ಯಾರಾದ್ರೂ ಬರ್ತಾರೆ ಅಂತ. ಬೆಳಿಗ್ಗೆ ಇಲ್ಲದಿದ್ರೆ ಸಂಜೆಗಾದ್ರೂ ಬರ್ಬೇಕಲ್ಲ ಅಕ್ಕ?"

ಚಂದ್ರಾವತಿ ಅಕ್ಕ ಮನೆಗೆ ಬಂದು ಊಟಕ್ಕೆ ಕುಳಿತವರು ಎದ್ದುಬಿಟ್ಟರು. ಆ ಹೆಂಗಸು ಯಾರನ್ನೂ ದೂರಿರಲಿಲ್ಲ. ದೂರಿದ್ದರೆ ಇಷ್ಟು ನೋಯುತ್ತಿರಲಿಲ್ಲ. "ನಾನು ಚಪ್ಪಾಳೆ ತಟ್ಟಿದ್ದೆ" ಅಂದರು ಗಂಡನಿಗೆ, ತೀರ ಇಳಿದ ದನಿಯಲ್ಲಿ.

ತಿರುಮಲೇಶ್ವರರು ಕಾನೂನು ಬಲ್ಲವರು. "ಭಾನುವಾರ ಹೋಗು, ನಿನ್ನ ವಿರೋಧವನ್ನು ನಡಾವಳಿಯಲ್ಲಿ ದಾಖಲು ಮಾಡಿಸು. ಅದಕ್ಕಿಂತ ಹೆಚ್ಚು ಎಂತ ಮಾಡ್ಲಿಕ್ಕುಂಟು?"

"ದಾಖಲು ಮಾಡಿ ಯಾರಿಗೆ ತೋರಿಸುದು? ಬೆಳ್ಳುಳ್ಳಿ ಮೂಟೆಗಾ?"

ಆಮೇಲೆ ಮೂರು ದಿನ ಅಕ್ಕ ಬೀರುವಿನ ಹಳೆಯ ನಡಾವಳಿ ಪುಸ್ತಕಗಳನ್ನೆಲ್ಲ ಇಳಿಸಿಕೊಂಡು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದರು.

ಸಂಘವನ್ನು ಕಟ್ಟಿದವರೆಲ್ಲ ನಿಯಮಾವಳಿಯಲ್ಲೇ ಹುಟ್ಟಿ ನಿಯಮಾವಳಿಯಲ್ಲೇ ಸಾಯುವ ಸರ್ಕಾರಿ ಜನ. ಯಾವಾಗಲಾದರೂ ಮುಚ್ಚಬೇಕಾದರೆ, ಪಟ್ಟಿಯಲ್ಲಿರುವವರಲ್ಲಿ ಮೂರನೇ ಎರಡು ಪಾಲು ಸದಸ್ಯರು ಸಭೆಗೆ ಬಂದು ಸಹಿ ಹಾಕಿರಲೇಬೇಕೆಂದು ಬರೆದಿಟ್ಟಿದ್ದರು. ಇಪ್ಪತ್ತೊಂದರಲ್ಲಿ ಹದಿನಾಲ್ಕು. ಕಮಲಾಕ್ಷರು ಇದನ್ನು ಮರೆಯುವವರಲ್ಲ. ಭಾನುವಾರ ಬೆಳಿಗ್ಗೆ ಎರಡು ಆಟೋ ಗೊತ್ತುಮಾಡಿ, ಮಂಡಿನೋವಿನವರನ್ನೂ ಪೊರೆ ಬಂದ ಕಣ್ಣಿನವರನ್ನೂ ಕೈಹಿಡಿದು ಇಳಿಸಿ, ಸರಿಯಾಗಿ ಹದಿನಾಲ್ಕು ಮಂದಿಯನ್ನು ಒಟ್ಟುಮಾಡಿದರು. ಅದರಲ್ಲಿ ಚಂದ್ರಾವತಿ ಅಕ್ಕನೂ ಒಬ್ಬರು. ತಿರುಮಲೇಶ್ವರರು ಬಂದಿರಲಿಲ್ಲ, ಬೆನ್ನುನೋವು ಅಂದಿದ್ದರು. ಬೆನ್ನುನೋವು ಅಷ್ಟು ಅನುಕೂಲವಾಗಿ ಬಂದದ್ದು ಹೇಗೆ ಎಂದು ನಾನು ಕೇಳಲು ಹೋಗಿಲ್ಲ.

ಹಾಜರಿ ಪುಸ್ತಕ ಕೈಯಿಂದ ಕೈಗೆ ಬಂತು. ಹದಿಮೂರು ಸಹಿ ಬಿದ್ದವು. ಮೋಹಿನಿ, ದಾಕ್ಷಾಯಣಿ ಎಂಬ ಇಬ್ಬರು ಹಳೆಯ ಗೆಳತಿಯರೂ ಕಣ್ಣು ಒರೆಸಿಕೊಂಡು ಸಹಿ ಹಾಕಿದರು. ಕೊನೆಗೆ ಪುಸ್ತಕ ಅಕ್ಕನ ಮುಂದೆ ಬಂದಾಗ ಅವರು ಪೆನ್ನಿನ ಮುಚ್ಚಳ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದ್ದು ಅಡುಗೆಮನೆಗೆ ಹೋದರು.

ಚಾ ತರಲು ಹೋದರೆಂದು ಎಲ್ಲರೂ ಕಾದರು. ರವೆ ಹುರಿಯುವ ವಾಸನೆ ಬಂತು. ಕಮಲಾಕ್ಷರು ಬಾಗಿಲಿಗೆ ಬಂದು ನಿಂತರು.

"ಚಂದ್ರಾವತಿ ಅಕ್ಕ, ಸಹಿ ಬಾಕಿ ಉಂಟು."

"ನಾನು ಸಭೆಗೆ ಬರ್ಲಿಲ್ಲ."

"ಇದೆಂತ ಹೇಳುದು? ಕಣ್ಣೆದುರು ಇದ್ದೀರಿ!"

"ಕಣ್ಣೆದುರು ಇದ್ದರೆ ಸಾಕಾಗುದಿಲ್ಲ ಕಮಲಾಕ್ಷರೆ. ಅಡುಗೆಮನೆಯಲ್ಲಿರುವವರು ಸಭೆಯಲ್ಲಿ ಇಲ್ಲ ಅಂತ ಹೇಳಿದ್ದು ನೀವೇ. ಎಪ್ಪತ್ತೊಂಬತ್ತರ ಪುಸ್ತಕ ಆ ಕಿಟಕಿಯಲ್ಲಿ ಇಟ್ಟಿದ್ದೇನೆ, ಗುರುತಿಗೆ ಕಾಗದ ಸಿಕ್ಕಿಸಿದ್ದೇನೆ. ಓದಿ, ದೊಡ್ಡದಾಗಿ ಓದಿ."

ಕಮಲಾಕ್ಷರು ಓದಲಿಲ್ಲ. ರುದ್ರಪ್ಪನವರು ಕೋಲೂರಿಕೊಂಡು ಬಂದು ಪುಸ್ತಕ ತೆಗೆದು ಓದಿದರು. ನಡೆದದ್ದು ಇಷ್ಟು. ೧೯೭೯ರಲ್ಲಿ ಹಿಂದಿನ ಕೋಣೆಗಳನ್ನು ಕೇರಂ ಆಟಕ್ಕೆ ಕೊಡುವುದೋ ರೋಗಿಗಳಿಗೆ ಕೊಡುವುದೋ ಎಂದು ಮತಕ್ಕೆ ಹಾಕಿದ್ದರು. ಉಪ್ಪಿಟ್ಟು ಮಾಡುತ್ತಿದ್ದ ಒಂಬತ್ತು ಹೆಂಗಸರು ಸದಸ್ಯರೇ ಆಗಿದ್ದರು. ಅಡುಗೆಮನೆಯ ಬಾಗಿಲಿನಿಂದ ಸೌಟು ಎತ್ತಿ, ರೋಗಿಗಳಿಗೆ ಕೊಡಿ ಅಂದರು. ಆಗಿನ ಉತ್ಸಾಹಿ ಯುವ ಕಾರ್ಯದರ್ಶಿ ಕಮಲಾಕ್ಷರು ಎದ್ದು ನಿಂತು ತೀರ್ಪು ಕೊಟ್ಟರು. ಅಡುಗೆಮನೆಯಲ್ಲಿರುವ ಸದಸ್ಯರನ್ನು ಸಭೆಯಲ್ಲಿ ಹಾಜರಿದ್ದಾರೆಂದು ಪರಿಗಣಿಸತಕ್ಕದ್ದಲ್ಲ. ಸಭೆ ಒಪ್ಪಿತು. ಕೇರಂ ಗೆದ್ದಿತು. ಆಡುವವರು ಒಬ್ಬೊಬ್ಬರಾಗಿ ಖಾಲಿಯಾದ ಮೇಲಷ್ಟೇ, ಹತ್ತು ವರ್ಷ ತಡವಾಗಿ, ಆ ಕೋಣೆಗಳು ರೋಗಿಗಳಿಗೆ ಸಿಕ್ಕಿದವು. ಆ ತೀರ್ಪನ್ನು ಯಾರೂ ಈವರೆಗೆ ರದ್ದು ಮಾಡಿರಲಿಲ್ಲ.

ರುದ್ರಪ್ಪನವರು ಪುಸ್ತಕ ಮುಚ್ಚಿ ಗೊಗ್ಗರು ದನಿಯಲ್ಲಿ ಅಂದರು: "ಕಮಲಾಕ್ಷಪ್ಪಾ, ಬರದದ್ದು ಬರದದ್ದ ಐತಿ ನೋಡು. ಅಕ್ಕಾರು ಸಭಾದಾಗ ಇಲ್ಲ. ಹದಿಮೂರೇ ಮಂದಿ ನಾವು. ಸಭಾ ಆಗಂಗಿಲ್ಲ."

"ಇದು ಮಕ್ಕಳಾಟ!" ಕಮಲಾಕ್ಷರ ಮುಖ ಕೆಂಪಾಗಿತ್ತು. "ಅಕ್ಕ, ಮುಚ್ಚುವುದಕ್ಕೆ ನನಗೇನು ಖುಷಿಯಾ? ಯಾರುಂಟು ಇಲ್ಲಿ? ಆಸ್ಪತ್ರೆಗೆ ಓಡಾಡುವವರು ಯಾರು ಹೇಳಿ?"

"ನಾನು. ಮತ್ತೆ ನೀವು."

"ನನ್ನಿಂದಾಗುದಿಲ್ಲ. ನನ್ನ ಹೆಂಡತಿ ಅಲ್ಲಿ ತೀರಿಕೊಂಡ ಮೇಲೆ ನಾನು ಆ ರಸ್ತೆಯಲ್ಲೇ ಹೋಗುದಿಲ್ಲ. ನಿಮಗೆ ಗೊತ್ತುಂಟು."

ಅಕ್ಕ ಒಲೆ ಸಣ್ಣ ಮಾಡಿದರು. ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಕರಗಿಬಿಡುತ್ತಿದ್ದರು. ಅಕ್ಕ ಬಿಟ್ಟುಕೊಡಲಿಲ್ಲ.

"ಗೊತ್ತುಂಟು. ಆ ದಿನ ನಿಮ್ಮ ಪಕ್ಕ ನಿಂತದ್ದು ನಾನೇ ಅಲ್ವಾ? ಇಂಗ್ಲಿಷು, ಮಲಯಾಳ ಎರಡೂ ಬರುವ ಮ್ಯಾನೇಜರಿಗೆ ಡಾಕ್ಟರು ಹೇಳಿದ್ದು ಒಂದಕ್ಷರ ತಲೆಗೆ ಹೋಗ್ಲಿಲ್ಲ. ನಾನು ಕನ್ನಡದಲ್ಲಿ ಹೇಳ್ಬೇಕಾಯ್ತು, ಅದೂ ಎರಡು ಸಲ. ಹಿಂದಿನ ಕೋಣೆಯಲ್ಲಿ ಒಬ್ಬಳು ಕೂತಿದ್ದಾಳೆ. ಅವಳಿಗೆ ಬರುದು ಕನ್ನಡವೊಂದೇ. ಅವಳಿಗೆ ಹೇಳುದು ಯಾರು?"

ಕಮಲಾಕ್ಷರು ಚಪ್ಪಲಿ ಮೆಟ್ಟಿ ಹೊರಟುಹೋದರು. ಆಟೋದವನು ಹಿಂದಿನಿಂದ ಕೂಗಿದರೂ ತಿರುಗಿ ನೋಡಲಿಲ್ಲ. ಉಳಿದವರು ಉಪ್ಪಿಟ್ಟು ತಿಂದರು. ಹನ್ನೆರಡು ಗಂಟೆಗೆ ಅಕ್ಕ ಸುಮಿತ್ರಳ ಜೊತೆ ಆಸ್ಪತ್ರೆಗೆ ಹೋದರು. ನಾಲ್ಕು ತಿಂಗಳು ಹೋಗಿಬಂದು ಮಾಡಿದರು.

ಕಮಲಾಕ್ಷರು ಸೋಲೊಪ್ಪುವ ಜಾತಿಯಲ್ಲ. ಮರುವರ್ಷ ಮತ್ತೆ ನೋಟೀಸು ಕಳಿಸಿದರು. ಈ ಸಲ ಮೋಹಿನಿ ಮತ್ತು ದಾಕ್ಷಾಯಣಿ ಪುಸ್ತಕದ ಕಡೆ ತಿರುಗಿಯೂ ನೋಡದೆ ಒಳಗೆ ಹೋಗಿ ತೆಂಗಿನಕಾಯಿ ತುರಿಯತೊಡಗಿದರು. ಅಡುಗೆಮನೆಯ ತೀರ್ಪನ್ನು ರದ್ದು ಮಾಡೋಣವೆಂದರೆ ಅದಕ್ಕೂ ಅಷ್ಟೇ ಸಹಿ ಬೇಕಿತ್ತು, ಕೋರಂ ಸಾಲಲಿಲ್ಲ. ಸುದ್ದಿ ಊರಿನ ಕನ್ನಡದವರಲ್ಲೆಲ್ಲ ಹಬ್ಬಿ, ಎಷ್ಟೋ ವರ್ಷ ಮುಖ ತೋರಿಸದವರು ತಮಾಷೆ ನೋಡಲು ಬಂದರು. ಬಂದವರನ್ನು ಅಕ್ಕ ಸುಮ್ಮನೆ ಬಿಡುತ್ತಾರೆಯೇ? ಕೈಗೆ ಈರುಳ್ಳಿ ಕೊಟ್ಟರು, ಎದ್ದು ಹೋಗುವಾಗ ಆಸ್ಪತ್ರೆಗೆ ವಾರದಲ್ಲಿ ಒಂದು ದಿನ ಬರೆಸಿಕೊಂಡರು. ವರ್ಗವಾಗಿ ಬಂದ ಬ್ಯಾಂಕಿನ ಹುಡುಗಿ ಧನಶ್ರೀ ಬೈಲಹೊಂಗಲದವಳು. ಅವಳು ಶನಿವಾರ ತೆಗೆದುಕೊಂಡಳು.

"ಎಷ್ಟು ವರ್ಷ ಹೀಗೆ ಅಕ್ಕ?" ಎಂದು ಅವಳು ಒಮ್ಮೆ ಕೇಳಿದಾಗ ಅಕ್ಕ ಅಂದರು: "ಅವರು ಎಷ್ಟು ಸಲ ಸಭೆ ಕರೀತಾರೋ ಅಷ್ಟು ಸಲ. ರವೆಗೇನು ಬರಗಾಲ ಬಂದಿಲ್ಲ."

ಮೂರನೆಯ ನೋಟೀಸು ೨೦೦೮ರಲ್ಲಿ. ಆ ದಿನ ಹಾಲಿನಲ್ಲಿ ಕಮಲಾಕ್ಷರು, ಹಾಜರಿ ಪುಸ್ತಕ, ಮತ್ತು ಇಪ್ಪತ್ತು ಖಾಲಿ ಕುರ್ಚಿ. ಅಡುಗೆಮನೆಯಲ್ಲಿ ನಿಲ್ಲಲು ಜಾಗವಿಲ್ಲ. ರುದ್ರಪ್ಪನವರು ಕೂಡ ಕೋಲನ್ನು ಮೂಲೆಗಿಟ್ಟು, ಸ್ಟೂಲಿನ ಮೇಲೆ ಕುಳಿತು ಕರಿಬೇವು ಬಿಡಿಸುತ್ತಿದ್ದರು. ಗೋಡೆಯಾಚೆಯಿಂದ ಬರುತ್ತಿದ್ದ ಗದ್ದಲವನ್ನು ಕಮಲಾಕ್ಷರು ಅರ್ಧ ಗಂಟೆ ಕೇಳಿಸಿಕೊಂಡರು. ಪುಸ್ತಕ ತೆರೆದು ತಮ್ಮ ಹೆಸರಿನ ಮುಂದೆ ಪೆನ್ನು ಇಟ್ಟರು, ಸಹಿ ಹಾಕಲಿಲ್ಲ. ಎದ್ದು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು.

"ನಾನೂ ಬರ್ಲಿಲ್ಲ ಅಂತ ಆಯ್ತು" ಅಂದರು ಕಮಲಾಕ್ಷರು, ಯಾರ ಮುಖವನ್ನೂ ನೋಡದೆ.

ಚಂದ್ರಾವತಿ ಅಕ್ಕ ಸ್ವಲ್ಪ ಸರಿದು ಜಾಗ ಮಾಡಿ, ಅವರ ಕೈಗೆ ಚಾಕು ಕೊಟ್ಟರು.

"ಶುಂಠಿ ಸಣ್ಣಗೆ ಹೆಚ್ಚಿ. ಬುಧವಾರ ಖಾಲಿ ಉಂಟು, ನಿಮ್ಮ ಹೆಸರು ಬರೀತೇನೆ. ಹನ್ನೊಂದು ಗಂಟೆಗೆ ಆಸ್ಪತ್ರೆಯ ಗೇಟಿನ ಹತ್ರ ಬನ್ನಿ, ಮೊದಲ ದಿನ ನಾನು ಜೊತೆಗಿರ್ತೇನೆ."