ಹನ್ನೊಂದು ಡ್ಯೂಟಿಯ ಮುಯ್ಯಿ

ಶ್ರಾವಣ ಅರ್ಧ ಕಳೆದಿದೆ. ಕಾಲುವೆಗೆ ನೀರು ಬಿಟ್ಟು ಇಪ್ಪತ್ತು ದಿನವಾಗಿ, ಕರೂರಿನ ಗದ್ದೆಗಳಲ್ಲಿ ನಾಟಿ ಜೋರಾಗಿ ನಡೆದಿದೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹನ್ನೆರಡು ಹೆಂಗಸರು ಕೆಸರಿನಲ್ಲಿ ಬಾಗಿ, ಸಸಿ ಹಚ್ಚುತ್ತ ಹಚ್ಚುತ್ತ ಹಿಂದಕ್ಕೆ ಸರಿಯುತ್ತಿದ್ದಾರೆ. ಸಾಲಿನಲ್ಲಿ ನಾಲ್ಕನೆಯವರು ನೀಲಾವತಿ. ಕೈ ಸಸಿ ಹಚ್ಚುತ್ತಿದೆ, ತುಟಿ ಇನ್ನೇನನ್ನೋ ಹೇಳಿಕೊಳ್ಳುತ್ತಿದೆ.

"ಏನವ್ವಾ, ಮಂತ್ರ ಹಾಕಿ ಹಚ್ಚಿದ್ರ ನೆಲ್ಲು ಜಾಸ್ತಿ ಬರತೈತೇನು?" ಎಂದು ಪಕ್ಕದ ಪಾರಮ್ಮ ಕೆಣಕುತ್ತಾರೆ.

"ಮಂತ್ರ ಅಲ್ಲತ್ತೀ, ಜರ್ಮನ್."

"ಹಂಗಂದ್ರ ಈ ಮಡಿ ನೆಲ್ಲು ತಿಂದೋರು ನಮ್ಮ ಕೂಡ ಮಾತಾಡಂಗಿಲ್ಲ ಬಿಡು!"

ಸಾಲು ನಗುತ್ತದೆ. ನೀಲಾವತಿ ನಗುವುದಿಲ್ಲ. ಅವರು ಹತ್ತಕ್ಕೆ ಗದ್ದೆ ಬಿಟ್ಟು, ಮಿಂದು, ಬಸ್ ಹಿಡಿದು ಸಿರುಗುಪ್ಪಕ್ಕೆ ಹೋಗಬೇಕು. ಎರಡು ಗಂಟೆಗೆ ಅಲ್ಲಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ. ಇಪ್ಪತ್ತೆರಡು ಹಾಸಿಗೆ, ಒಂದು ಪಾಳಿಗೆ ಇಬ್ಬರೇ ನರ್ಸು. ದಿನಕ್ಕೆ ನಲವತ್ತು ಇಂಜೆಕ್ಷನ್ನು, ಹದಿನೈದು ಬಾಟಲಿ ಗ್ಲೂಕೋಸು, ವಾರಕ್ಕೆ ಮೂರು ನಾಲ್ಕು ಹೆರಿಗೆ. ಆರು ವರ್ಷದಿಂದ ಅವರದು ಇದೇ ಕೆಲಸ. ಊರಿಗೆ ಅವರು "ದವಾಖಾನಿ ನೀಲಮ್ಮ". ಅವರು ಹಾಕಿದ ಸೂಜಿ ನೋಯುವುದಿಲ್ಲ ಎಂದು ಮುದುಕರು ಅವರ ಪಾಳಿ ಕೇಳಿಕೊಂಡು ಬರುತ್ತಾರೆ. ಇಷ್ಟು ಬಿಟ್ಟರೆ ಅವರ ಹೆಸರು ಎಲ್ಲಿಯೂ ಕೇಳಿಬಂದದ್ದಿಲ್ಲ.

ಜರ್ಮನಿಯ ಆಸ್ಪತ್ರೆಗಳಿಗೆ ನರ್ಸುಗಳು ಬೇಕು, ಹೋಗುವವರು ಭಾಷೆಯ ಪರೀಕ್ಷೆ ದಾಟಬೇಕು. ಅದನ್ನು ಕಲಿಸುವವರು ಕುರುಗೋಡಿನ ಸುವರ್ಣಮ್ಮ. ಜರ್ಮನಿಯಲ್ಲೇ ಒಂಬತ್ತು ವರ್ಷ ನರ್ಸಾಗಿ ದುಡಿದು ಬಂದವರು. ಭಾನುವಾರ ಬಳ್ಳಾರಿಯಲ್ಲಿ ಮಾಳಿಗೆ ಮೇಲಿನ ಒಂದು ಕೋಣೆಯಲ್ಲಿ ಹದಿನಾಲ್ಕು ಜನರ ಗುಂಪಿಗೆ ಪಾಠ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಕುರುಗೋಡಿನ ಮನೆಯಲ್ಲಿ ಒಬ್ಬೊಬ್ಬರಿಗೇ ಪ್ರೈವೇಟ್ ಪಾಠ. ನೀಲಾವತಿ ಗುಂಪಿಗೆ ಸೇರಿದರು. ಅವರ ಜೊತೆಯ ನರ್ಸು, ಸಿರುಗುಪ್ಪದ ಗೊಬ್ಬರದಂಗಡಿ ತಿಪ್ಪೇರುದ್ರಪ್ಪನವರ ಮಗಳು ಅರುಣಾ, ಪ್ರೈವೇಟಿಗೆ ಸೇರಿದರು.

ಹೊಟ್ಟೆಕಿಚ್ಚಿನ ವಿಷಯವನ್ನು ನೀಲಾವತಿ ಮುಚ್ಚಿಡುವುದಿಲ್ಲ.

"ಗುಂಪಿನ್ಯಾಗ ಎರಡು ತಾಸಿಗೆ ನನ್ನ ಬಾಯಿಗೆ ಪಾಳಿ ಬರೋದು ನಾಕು ಸಲ. ಎಣಿಸೀನ್ರಿ ನಾನು. ಅಕಿಗೆ ಮೇಡಮ್ಮೋರು ಒಬ್ಬರೇ, ಮ್ಯಾಲೆ ಚಾ ಬ್ಯಾರೆ ಕೊಡ್ತಾರ. ಒಂದಿನ ಅಕಿ ನೋಟ್‌ಬುಕ್ ತಗದು ನೋಡಿದೆ. ಸಾಲು ಸಾಲಿಗೂ ಕೆಂಪು ಪೆನ್ನು. ನನ್ನ ಬುಕ್ಕಿನ್ಯಾಗ ಹಾಳಿಗೊಂದು ಸೈನು, ಅಷ್ಟೇ. ಅಕಿ ತಪ್ಪು ನೋಡಿನೂ ನನಗ ಹೊಟ್ಟಿ ಉರೀತು."

ಹೆಚ್ಚು ಉರಿದದ್ದು ಬೇರೆ ಕಾರಣಕ್ಕೆ. ಅರುಣಾ ಕುರುಗೋಡಿಗೆ ಹೋಗಬೇಕಾದ ಬೆಳಿಗ್ಗೆಗಳಲ್ಲಿ ಅರುಣಾಳ ಡ್ಯೂಟಿ ಮಾಡಿದವರೂ ನೀಲಾವತಿಯೇ. ಬೆಳಿಗ್ಗೆ ಅರುಣಾಳದು, ಮಧ್ಯಾಹ್ನ ತನ್ನದು. ಹಾಗೆ ಹನ್ನೊಂದು ಸಲ. ಕರೂರಿನಲ್ಲಿ ಇದಕ್ಕೆ ಮುಯ್ಯಿ ಎನ್ನುತ್ತಾರೆ: ಇವತ್ತು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಕೂಲಿಯಿಲ್ಲ, ಆಳಿಗೆ ಆಳೇ ಲೆಕ್ಕ. "ಅಕಿ ಕಲಿಯಾಕ ನಾ ದುಡಿದೆ ನೋಡ್ರಿ," ಎನ್ನುತ್ತಾರೆ ನೀಲಾವತಿ.

ಜೂನ್‌ನಲ್ಲಿ ಇಬ್ಬರೂ ಬೆಂಗಳೂರಿಗೆ ಹೋಗಿ ಪರೀಕ್ಷೆಗೆ ಕೂತರು. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು ಮೂರರಲ್ಲೂ ನೀಲಾವತಿಗೇ ಅಂಕ ಹೆಚ್ಚು. ಮಾತಿನ ಪರೀಕ್ಷೆಯಲ್ಲಿ ಬಿದ್ದರು.

ಹೇಗೆ ಬಿದ್ದರು ಎಂಬುದು ಗದ್ದೆಯ ಹೆಂಗಸರಿಗೆ ಮಾತ್ರ ಅರ್ಥವಾಗುವಂಥದು. ನಾಟಿಯಲ್ಲಿ ಒಬ್ಬಳು ಹಿಂದೆ ಬಿದ್ದರೆ ಎಡಬಲದವರು ಕೈ ಚಾಚಿ ಅವಳ ಪಾಲಿನ ಜಾಗಕ್ಕೂ ಸಸಿ ಹಚ್ಚುತ್ತಾರೆ. ಯಾರೂ ಹೇಳಬೇಕಿಲ್ಲ. ಸಾಲು ಸೊಟ್ಟಗಾಗಬಾರದು, ಅಷ್ಟೇ. ಭಾನುವಾರದ ಗುಂಪಿನಲ್ಲೂ ನೀಲಾವತಿ ಹಾಗೆಯೇ ನಡೆದುಕೊಂಡರು. ರಾರಾವಿಯ ಶರಣ, ಅವನೂ ನರ್ಸೇ, ಮಾತಿನ ನಡುವೆ ತಡವರಿಸಿದರೆ ಉಳಿದದ್ದನ್ನು ಇವರು ಹೇಳಿ ಮುಗಿಸುತ್ತಿದ್ದರು. ಪರೀಕ್ಷೆಯಲ್ಲಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತಾರೆ. ಪ್ರಶ್ನೆ ಕೇಳಬೇಕು, ಉತ್ತರಕ್ಕೆ ಕಾಯಬೇಕು. ಎದುರಿಗೆ ಕೂತ ಹುಡುಗಿ ಬೆವರಿ ಸುಮ್ಮನಾದಳು.

"ಆ ಹುಡುಗಿ ಮಾರಿ ನೋಡಿ ತಡಿಯಾಕ ಆಗ್ಲಿಲ್ರಿ. ಅಕಿ ಮಾತೂ ನಾನೇ ಆಡಿದೆ. ಒಮ್ಮೆ ಅಲ್ಲ, ಮೂರು ಸಲ. ನನ್ನ ಮಾತಿಗೆ ಹೊತ್ತ ಉಳೀಲಿಲ್ಲ. ಇಬ್ಬರೂ ಫೇಲಾದ್ವಿ. ಅರುಣಾಗ ಸುಮ್ನ ಕುಂತು ಕಾಯೋದು ರೂಢಿ ಇತ್ತು. ಪಾಸಾದ್ಲು."

ಅಕ್ಟೋಬರ್‌ನಲ್ಲಿ ಇನ್ನೊಂದು ಅವಕಾಶವಿದೆ. ಗುಂಪಿನಲ್ಲೇ ಉಳಿಯುವುದೋ, ಪ್ರೈವೇಟಿಗೆ ಹೋಗುವುದೋ? ತಾಯಿ ಹುಲುಗಮ್ಮ ಗುಂಪಿನ ಕಡೆ. "ಒಬ್ಬಾಕೇ ಕುಂತು ಏನ್ ಕಲಿತೀಯಲೇ? ನಾಕು ಮಂದ್ಯಾಗ ಇದ್ರ ಕೈ ಬಾಯಿ ತಾವೇ ಓಡತಾವು," ಎಂದರು. ಸುವರ್ಣಮ್ಮ ಬೇರೆಯೇ ಹೇಳಿದರು: "ನಿನಗ ಮಾತು ಬರತೈತಿ. ಬಾಯಿ ಮುಚ್ಚೋದು ಬರಂಗಿಲ್ಲ. ಅದನ್ನ ಹದಿನಾಲ್ಕು ಮಂದಿ ನಡುವ ನಾ ಕಲಸಾಕ ಆಗಂಗಿಲ್ಲ."

ನೀಲಾವತಿ ಪ್ರೈವೇಟ್ ಎಂದರು. ಫೀಸಿಗೆ, ಮುಯ್ಯಿಯಿಲ್ಲದ ದಿನಗಳ ನಾಟಿ ಕೂಲಿ ಇತ್ತು. ಪಾಠ ಮುಗಿಸಿ ಎರಡು ಗಂಟೆಯೊಳಗೆ ಸಿರುಗುಪ್ಪ ಮುಟ್ಟುವ ಬಸ್ ಇರಲಿಲ್ಲ, ಅದಕ್ಕೆ ಅರುಣಾಳ ಮುಯ್ಯಿ ಇತ್ತು. ಮೇಟ್ರನ್‌ಗೆ ಹೇಳಿ, ಮಂಗಳವಾರ ಶುಕ್ರವಾರದ ತನ್ನ ಮಧ್ಯಾಹ್ನದ ಡ್ಯೂಟಿಗಳಿಗೆ ಅರುಣಾಳನ್ನು ನಿಲ್ಲಿಸಿ, ಕುರುಗೋಡಿನ ಬಸ್ ಹತ್ತಿದರು.

ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಸುವರ್ಣಮ್ಮನ ಮನೆ. ಮೊದಲ ದಿನ ಪಾಠವೇ ನಡೆಯಲಿಲ್ಲ. ಸುವರ್ಣಮ್ಮ ಪರೀಕ್ಷೆಯ ಹುಡುಗಿಯಂತೆ ಎದುರಿಗೆ ಕೂತು, ಪ್ರಶ್ನೆಗೆ ಅರ್ಧ ಉತ್ತರ ಹೇಳಿ ನಿಲ್ಲಿಸಿಬಿಟ್ಟರು. ನೀಲಾವತಿ ಉಳಿದರ್ಧ ಹೇಳಿದರು. "ತಪ್ಪು," ಎಂದರು ಸುವರ್ಣಮ್ಮ. ಮತ್ತೆ ಅದೇ. ಒಂದು ತಾಸು ಅದೇ. ಮೂರನೆಯ ವಾರಕ್ಕೆ ನೀಲಾವತಿ ಸೆರಗಿನ ತುದಿ ಹಿಡಿದುಕೊಂಡು ಕಾಯುವುದನ್ನು ಕಲಿತರು. ಏಳನೆಯ ಪಾಠದಲ್ಲಿ ಎಷ್ಟು ಹೊತ್ತು ಕಾದರೆಂದರೆ, ಕೊನೆಗೆ ಸುವರ್ಣಮ್ಮನಿಗೇ ತಡೆಯಲಾರದೆ ನಗು ಬಂತು. ಆ ದಿನ ಚಹಾ ಬಂತು.

"ಅರುಣಾಗ ಮೊದಲ್ನೇ ದಿನಾನೇ ಕೊಟ್ಟಿದ್ರಂತ," ಎಂದು ಸೇರಿಸುವುದನ್ನು ನೀಲಾವತಿ ಮರೆಯುವುದಿಲ್ಲ.

ಏಳು ಡ್ಯೂಟಿ ತೀರಿದವು. ಅಷ್ಟರಲ್ಲಿ ಅರುಣಾಳ ವೀಸಾ ಬಂತು.

ಹೊರಡುವ ಮೂರು ದಿನ ಮೊದಲು ಅರುಣಾ ಪೇಡೆ ಡಬ್ಬಿ ಹಿಡಿದು ನರ್ಸಿಂಗ್ ಹೋಮಿಗೆ ಬಂದಿದ್ದಾರೆ. ಎಲ್ಲರಿಗೂ ಹಂಚಿ, ಕೊನೆಗೆ ಡ್ರೆಸ್ಸಿಂಗ್ ಕೋಣೆಗೆ ಬರುತ್ತಾರೆ. ನೀಲಾವತಿ ಹತ್ತಿ ಕತ್ತರಿಸುತ್ತಿದ್ದಾರೆ, ತಲೆ ಎತ್ತುವುದಿಲ್ಲ.

"ಸಿಟ್ಟಾಗೀಯೇನಲೇ ನೀಲಾ?"

"ಹೊಸಾ ಕೋಟು ಹೊಲಿಸೀಯಂತ. ಸೂಟ್‌ಕೇಸಿಗೆ ನಾಕು ಗಾಲಿ ಅಂತ. ನಾ ಯಾಕ ಸಿಟ್ಟಾಗ್ಲಿ?"

ಅರುಣಾ ನಗುತ್ತಲೇ ಒಂದು ಲಕೋಟೆ ಚಾಚುತ್ತಾರೆ. "ನಾಕು ಡ್ಯೂಟಿ ಉಳದಾವು. ಅಪ್ಪ ಕೊಟ್ಟಾನ, ಇಟ್ಕೋ. ಬಾಕಿ ಇಟ್ಟು ಹೋಗಬಾರ್ದು."

"ಮುಯ್ಯಿಗೆ ರೊಕ್ಕ ತಗೊಂಡ್ರ ನಮ್ಮವ್ವ ಗದ್ದಿಗೆ ಇಳಿಸಂಗಿಲ್ಲ ನನ್ನ. ತಗೀ ಅದನ್ನ."

"ಮತ್ತ ಹ್ಯಾಂಗ ತೀರಸ್ಲಿ? ಸೋಮವಾರ ನಾ ಇರಂಗಿಲ್ಲಲೇ."

ಇನ್ನು ಮಂಗಳವಾರದ ಕುರುಗೋಡಿಲ್ಲ. ಅಕ್ಟೋಬರ್‌ವರೆಗೆ ಮತ್ತೆ ಬಳ್ಳಾರಿಯ ಮಾಳಿಗೆ, ಹದಿನಾಲ್ಕು ಜನ, ಮಾತಿಗೆ ನಾಲ್ಕೇ ಪಾಳಿ. ಅದು ನೀಲಾವತಿಗೆ ಗೊತ್ತಿದೆ. ಶರಣ ತಡವರಿಸಿದರೆ ಈ ಸಲ ತಾನು ಬಾಯಿ ತೆರೆಯುವುದಿಲ್ಲ, ಅವನೂ ಕಲಿಯಲಿ ಎಂದು ಬೆಳಿಗ್ಗೆಯೇ ತಾಯಿಗೆ ಹೇಳಿದ್ದಾರೆ. ಆದರೂ ಹೊಟ್ಟೆಯೊಳಗಿನ ಕಿಚ್ಚು ಆರಿಲ್ಲವೆಂಬುದು ಕತ್ತರಿಯ ಸಪ್ಪಳದಲ್ಲೇ ತಿಳಿಯುತ್ತದೆ.

ಅರುಣಾ ಲಕೋಟೆ ಹಿಡಿದು ನಿಂತೇ ಇದ್ದಾರೆ. ನೀಲಾವತಿ ಹತ್ತಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತಾರೆ, ಕೈ ಒರೆಸಿಕೊಂಡು ಒಂದು ಪೇಡೆ ಬಾಯಿಗಿಡುತ್ತಾರೆ.

"ನಾಕೂ ಹಂಗ ಇರ್ಲಿ ಬಿಡು," ಎನ್ನುತ್ತಾರೆ. "ನಾ ಅಲ್ಲಿಗೇ ಬಂದು ಮಾಡಿಸ್ಕೊಂತೀನಿ."