ಹಂಗೇರಿಗೆ ಎರಡೂವರೆ ಟಿಕೆಟ್

ಆ ಬೇಸಿಗೆಯಲ್ಲಿ ನಮ್ಮ ಮನೆಯ ದಿನಗಳೆಲ್ಲ ಒಂದೇ ತರಹ ಇದ್ದವು. ಹಂಗೇರಿಗೆ ಹೊರಟ ದಿನವೂ ಎದ್ದು ಅಂಗಳ ಗುಡಿಸಿದೆ, ನಳದಿಂದ ನಾಲ್ಕು ಕೊಡ ನೀರು ತಂದೆ, ಆರು ಕಂಡಿಕೆ ನೂಲು ಸುತ್ತಿ ಮಗ್ಗದ ಪಕ್ಕ ಇಟ್ಟೆ, ಅಣ್ಣನ ಮೊಣಕಾಲಿಗೆ ಕಟ್ಟುವ ಬಟ್ಟೆ ತೊಳೆದು ತಂತಿಗೆ ಹಾಕಿದೆ. ಆಗ ನಾನು ಐದನೆಯ ಇಯತ್ತೆ ಮುಗಿಸಿದ್ದೆ. ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ.

ಅಣ್ಣ ಈರಣ್ಣ ಊರಿನ ಫುಟ್‌ಬಾಲ್ ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯುವವನು. ಎಡಗಾಲಿನವನು. ಗುಡ್ಡದ ಕೆಳಗಿನ ಬಯಲಿನಲ್ಲಿ ಆಡುವಾಗ ಅದೇ ಕಾಲಿನ ಮೊಣಕಾಲು ತಿರುಚಿ ಬಿದ್ದು ಎರಡು ತಿಂಗಳಾಗಿತ್ತು. ಮಗ್ಗ ತುಳಿಯಬಹುದು, ಚೆಂಡು ಒದೆಯುವಂತಿಲ್ಲ ಎಂದು ಗದಗಿನ ಡಾಕ್ಟರು ಹೇಳಿದ್ದರು. ಅವ್ವ ಅದನ್ನು ಒಪ್ಪಿರಲಿಲ್ಲ. ಅಣ್ಣ ಒಪ್ಪಿದ್ದನೋ ಇಲ್ಲವೋ ತಿಳಿಯದು. ಮಾತು ಕಡಿಮೆ ಮಾಡಿದ್ದ.

ಹಿಂದಿನ ಸಂಜೆ ಅವನು ಪೇಪರಿನಲ್ಲಿ ಬಂದದ್ದೊಂದನ್ನು ಅವ್ವನಿಗೆ ಓದಿ ಹೇಳಿದ್ದ. ಹಂಗೇರಿಯ ಆಟಗಾರನೊಬ್ಬನ ಕಥೆ. ಇವನಂತೆಯೇ ಎಡಗಾಲಿನವನು. ದೊಡ್ಡ ದೊಡ್ಡ ಪಂದ್ಯಗಳಲ್ಲಿ ಗೋಲು ಹೊಡೆದು ಹೆಸರು ಮಾಡಿದವನು. ಮೊಣಕಾಲು ಹೋಯಿತು. ಆಮೇಲೆ ಕೋಚ್ ಆದ. ಈಗ ದಿನವಿಡೀ ಮೈದಾನದಲ್ಲಿ ನಿಂತು ಹುಡುಗರಿಗೆ ಆಟ ಕಲಿಸುತ್ತಾನೆ. ಜೋಳ ಹಸನು ಮಾಡುತ್ತಿದ್ದ ಅವ್ವ ಹಿಡಿದುಕೊಂಡದ್ದು ಇಷ್ಟು: ಮೊಣಕಾಲು ಹೋಗಿದ್ದವನು ಈಗ ದಿನವಿಡೀ ನಿಲ್ಲುತ್ತಾನೆ. ಅಂದರೆ ಆ ಕಾಲು ನೆಟ್ಟಗೆ ಮಾಡಿದವರು ಆ ಊರಲ್ಲಿ ಯಾರೋ ಇದ್ದಾರೆ. ನಮ್ಮ ಸುತ್ತ ಮುಶಿಗೇರಿ ಇದೆ, ಪುರ್ತಗೇರಿ ಇದೆ. ಹಂಗೇರಿ ಇರಲಿಕ್ಕೇನು?

ಬೆಳಿಗ್ಗೆ ಬುತ್ತಿ ಕಟ್ಟಿ, "ಈರಣ್ಣಾ, ಅಂಗಿ ಹಾಕ್ಕೊ. ಹಂಗೇರಿಗೆ ಹೋಗಿ ಬರೂಣು," ಎಂದಳು. ಶಾಲೆಯ ನಕಾಶೆಯಲ್ಲಿ ಆ ಹೆಸರು ನೋಡಿದ್ದ ನಾನು ಹೇಳಲು ಬಾಯಿ ತೆರೆದೆ. ಅಣ್ಣ ನನ್ನತ್ತ ಒಮ್ಮೆ ನೋಡಿ ಅಂಗಿ ಹಾಕಿಕೊಂಡ. ನಾನೂ ಚಪ್ಪಲಿ ಮೆಟ್ಟಿ ಅವರ ಹಿಂದೆ ಹೊರಟೆ.

ಬಸ್ಸಿನಲ್ಲಿ ಅವ್ವ ಹಂಗೇರಿಗೆ ಎರಡೂವರೆ ಟಿಕೆಟ್ ಕೇಳಿದಳು. ಕಂಡಕ್ಟರ್ ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದ. "ಮುಶಿಗೇರಿ ಐತಿ, ಪುರ್ತಗೇರಿ ಐತಿ. ನಿಂದ್ಯಾವ ಗೇರಿ, ಸರಿಯಾಗಿ ಹೇಳಬೇ."

"ಪುರ್ತಗೇರಿ ಕೊಡ್ರಿ," ಎಂದ ಅಣ್ಣ. ಪೇಪರಿನವರು ಹೆಸರು ತಪ್ಪು ಬರೆದಿರಬೇಕೆಂದು ಅವ್ವ ರೊಕ್ಕ ಕೊಟ್ಟಳು.

ಅಲ್ಲಿ ಇಳಿದು, ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರನ್ನು ಅವ್ವ ಚೆಂಡಾಟ ಕಲಿಸುವ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದಳು. "ಚೆಂಡಾಟಕ್ಕೂ ಸಾಲಿ ಐತೇನವಾ?" ಎಂದು ಅವರು ಬೊಚ್ಚುಬಾಯಲ್ಲಿ ನಕ್ಕರು. ಅವ್ವ ಇನ್ನೂ ಎರಡು ಮನೆಗಳಲ್ಲಿ ಕೇಳಿದಳು. ಮೂರನೆಯ ಮನೆಯತ್ತ ಹೊರಟಾಗ ಅಣ್ಣ ಬೇವಿನ ನೆರಳಿಗೆ ಕುಂಟುತ್ತ ಹೋಗಿ ಕುಳಿತ.

"ಅವ್ವಾ, ಹಂಗೇರಿ ಈ ಕಡೆ ಇಲ್ಲ. ಅದು ಸಮುದ್ರದಾಚಿ ದೇಶ."

ಅವ್ವ ತಿರುಗಿ ನೆರಳಿಗೆ ಬಂದಳು. "ಮನ್ಯಾಗ ಯಾಕ ಹೇಳಲಿಲ್ಲ?"

"ನೀ ಅಷ್ಟ ಗಟ್ಟಿಯಾಗಿ ಹೇಳಿದೆಲ್ಲಾ, ಇದ್ರೂ ಇರಬಹುದು ಅನಸ್ತು."

"ಹೋಗಲಿ. ಪೇಪರಿನಾಗಿನ ಅಂವನ ಕಾಲರೆ ಖರೇನ ಆರಾಮ ಆತೇನು?"

"ಇಲ್ಲ. ಆರಾಮ ಆಗಲಿಲ್ಲಂತನ ಕಲಸಾಂವ ಆದ."

ಅವ್ವ ಅವನ ಪಕ್ಕ ಕುಳಿತಳು. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು, ಇಪ್ಪತ್ತು ವರ್ಷದ ಆ ಗಂಡಸಿನದು. ಅವನು ತಲೆ ಹಿಂದಕ್ಕೆ ತೆಗೆಯಲಿಲ್ಲ. ಬುತ್ತಿ ಬಿಚ್ಚದೆ ಬಸ್ಸಿಗೆ ಕಾದೆವು. ನನಗೆ ಅಳುವೂ ಬರಲಿಲ್ಲ. ರಸ್ತೆಯಲ್ಲಿ ಹೋದ ಕುರಿಗಳನ್ನು ಎಣಿಸಿದೆ, ಮೂವತ್ತೊಂದು.

ಅಣ್ಣ ಮತ್ತೆ ಆಡಲಿಲ್ಲ, ಯಾರಿಗೂ ಕಲಿಸಲೂ ಇಲ್ಲ. ಮಗ್ಗ ತುಳಿದ. ಬಯಲಿನಲ್ಲಿ ಈಗ ಮನೆಗಳೆದ್ದಿವೆ. ಯಾವ ದೇಶ ಎಲ್ಲಿದೆ ಎಂದು ಈಗ ನಮ್ಮ ಮಕ್ಕಳು ಮೊಬೈಲಿನಲ್ಲಿ ತಕ್ಷಣ ತೋರಿಸುತ್ತಾರೆ. ಎಲ್ಲಿದೆ ಎಂದು ತಿಳಿಯದೆಯೇ ಬುತ್ತಿ ಕಟ್ಟಿ, ನಡಿ ಹೋಗೂಣು ಅನ್ನುವವಳು ಮನೆಯಲ್ಲಿಲ್ಲ.

ಪುರ್ತಗೇರಿಯಿಂದ ಬಂದ ಆ ಸಂಜೆ ಒಲೆ ಹಚ್ಚಲಿಲ್ಲ. ಬುತ್ತಿಯಲ್ಲಿದ್ದ ರೊಟ್ಟಿಯನ್ನೇ ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿಯೊಂದಿಗೆ ತಿಂದೆವು. ಪೇಟೆಗೆ ಸೀರೆ ಕೊಟ್ಟು ಬಂದ ಅಪ್ಪ ಎಲ್ಲಿಗೆ ಹೋಗಿದ್ದಿರಿ ಎಂದ. ಅಣ್ಣ ಪುರ್ತಗೇರಿಗೆ ಎಂದ. ಅಂದು ಎಲ್ಲರಿಗಿಂತ ಮೊದಲು ಮಲಗಿದವಳು ಅವ್ವ.